ಬಣ್ಣದ ಕೆಳಗಿನ ಮುಖ: ತೋಷೂಸಾಯ್ ಶರಾಕು ಮತ್ತು ಕಬುಕಿಯ ಸ್ತ್ರೀವೇಷಗಳು

ಜಪಾನಿನ ಮರದಚ್ಚು ಚಿತ್ರಗಳ ಬಗ್ಗೆ ಅಲ್ಪಸ್ವಲ್ಪ ತಿಳಿದವರಿಗೂ ಪರಿಚಿತವಾದ ಹೆಸರುಗಳಲ್ಲಿ ತೋಷೂಸಾಯ್ ಶರಾಕುವಿನದು ಒಂದು. ಉತಾಮರೋ, ಹೊಕುಸಾಯ್, ಹಿರೋಶಿಗೆ ಇವರ ಸಾಲಿನಲ್ಲಿ ಅವನನ್ನು ಸೇರಿಸಿ ಹೇಳುವುದು ವಾಡಿಕೆ. ಆದರೆ ಆ ಮೂವರ ಹಿಂದೆ ದಶಕಗಳ ದುಡಿಮೆಯಿದೆ, ಗುರುಶಿಷ್ಯ ಪರಂಪರೆಯಿದೆ. ಶರಾಕುವಿನ ಪಾಲಿಗೆ ಇರುವುದು ಹತ್ತು ತಿಂಗಳು ಮಾತ್ರ. ಇಂದು ಟೋಕಿಯೊ ಎಂದು ಕರೆಯಲ್ಪಡುವ ಎದೋ ನಗರದಲ್ಲಿ 1794ರ ಐದನೆಯ ಚಾಂದ್ರಮಾಸದಲ್ಲಿ ಅವನ ಮೊದಲ ಚಿತ್ರಗಳು ಮಾರಾಟಕ್ಕೆ ಬಂದವು. 1795ರ ಮೊದಲನೆಯ ಮಾಸದಲ್ಲಿ ಕೊನೆಯ ಚಿತ್ರಗಳು ಬಂದವು. ಆ ನಡುವೆ 140ಕ್ಕೂ ಹೆಚ್ಚು ಚಿತ್ರಗಳನ್ನು ಬರೆದು, ಆ ಹೆಸರು ಪೇಟೆಯಿಂದ ಮರೆಯಾಯಿತು. ಇವುಗಳಲ್ಲಿ ಬಹುಪಾಲು ಕಬುಕಿ ರಂಗಭೂಮಿಯ ನಟರ ಚಿತ್ರಗಳು. ಅವುಗಳಲ್ಲಿಯೂ ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದ ಪುರುಷನಟರ, ಅಂದರೆ ಒನ್ನಗತರ ಚಿತ್ರಗಳಲ್ಲಿ ಶರಾಕುವಿನ ಸ್ವಭಾವವೂ ಅವನ ಸೋಲಿನ ಕಾರಣವೂ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುತ್ತವೆ ಎಂಬುದು ಪ್ರಸ್ತುತ ಲೇಖನದ ಗ್ರಹಿಕೆ. ಆದ್ದರಿಂದ ಅವನ ಜೀವನವನ್ನು ಇಲ್ಲಿ ಆ ಚಿತ್ರಗಳ ಮೂಲಕವೇ ನಿರೂಪಿಸಲಾಗಿದೆ.

ಕಬುಕಿಯು ಆರಂಭದಲ್ಲಿ ಸ್ತ್ರೀಯರ ಕಲೆಯೇ ಆಗಿತ್ತು. ಹದಿನೇಳನೆಯ ಶತಮಾನದ ಆದಿಯಲ್ಲಿ ಕ್ಯೋತೋದಲ್ಲಿ ಒಕುನಿ ಎಂಬ ನರ್ತಕಿಯ ಪ್ರದರ್ಶನಗಳಿಂದ ಅದು ರೂಪುಗೊಂಡಿತು. ವೇಶ್ಯಾವೃತ್ತಿಗೂ ರಂಗಕ್ಕೂ ನಂಟು ಬೆಳೆದುದರಿಂದ ಷೋಗುನ್ ಆಡಳಿತವು 1629ರಲ್ಲಿ ಸ್ತ್ರೀಯರು ರಂಗವೇರುವುದನ್ನು ನಿಷೇಧಿಸಿತು. ಅವರ ಸ್ಥಾನಕ್ಕೆ ಬಂದ ಹದಿಹರೆಯದ ಹುಡುಗರ ವಿಷಯದಲ್ಲಿಯೂ ಅದೇ ಆರೋಪ ಎದ್ದು 1652ರಲ್ಲಿ ಅವರಿಗೂ ನಿಷೇಧ ಬಂದಿತು. ಉಳಿದವರು ಮುಂದಲೆಯನ್ನು ಬೋಳಿಸಿಕೊಂಡ ಪ್ರೌಢ ಪುರುಷರು. ಆಕರ್ಷಣೆಯನ್ನು ಕುಂದಿಸುವುದಕ್ಕೆಂದೇ ವಿಧಿಸಿದ ಈ ಬೋಳುತನವನ್ನು ಸ್ತ್ರೀವೇಷದ ನಟರು ನೇರಳೆ ಬಣ್ಣದ ಸಣ್ಣ ರೇಷ್ಮೆ ವಸ್ತ್ರವೊಂದರಿಂದ ಮುಚ್ಚಿಕೊಂಡರು. ಕೊರತೆಯನ್ನು ಮರೆಮಾಚಲು ಬಂದ ಆ ನೇರಳೆ ಬಟ್ಟೆಯೇ ಮುಂದೆ ಒನ್ನಗತರ ಸೊಬಗಿನ ಗುರುತಾಯಿತು. ಕಲೆಯ ಚರಿತ್ರೆಯಲ್ಲಿ ಕಾನೂನುಗಳು ತಾವು ಬಯಸದ ಫಲಗಳನ್ನು ಕೊಡುವ ನಿದರ್ಶನಗಳು ಹಲವಿವೆ. ಇದೂ ಅವುಗಳಲ್ಲಿ ಒಂದು.

ಮುಂದಿನ ನೂರು ವರ್ಷಗಳಲ್ಲಿ ಸ್ತ್ರೀವೇಷವು ಒಂದು ಪರಿಪೂರ್ಣ ಶಾಸ್ತ್ರವಾಗಿ ಬೆಳೆಯಿತು. 1673ರಿಂದ 1729ರವರೆಗೆ ಬದುಕಿದ್ದ ಯೋಶಿಜಾವ ಅಯಾಮೆ ಎಂಬ ಮಹಾನಟನ ಉಪದೇಶಗಳನ್ನು ಸಂಗ್ರಹಿಸಿದ ಗ್ರಂಥವು ಈ ವೃತ್ತಿಗೆ ಆಧಾರಗ್ರಂಥವೆನಿಸಿದೆ. ಒನ್ನಗತನಾದವನು ರಂಗದ ಮೇಲೆ ಮಾತ್ರವಲ್ಲದೆ ದಿನನಿತ್ಯದ ಬದುಕಿನಲ್ಲಿಯೂ ಸ್ತ್ರೀಯಂತೆಯೇ ನಡೆದುಕೊಳ್ಳಬೇಕು, ಇಲ್ಲವಾದರೆ ರಂಗದ ಮೇಲಿನ ಸ್ತ್ರೀತ್ವದಲ್ಲಿ ಬಿರುಕು ಕಾಣಿಸುತ್ತದೆ ಎಂಬುದು ಅವನ ನಿಲುವಾಗಿತ್ತು. ಇಂತಹ ನಟರ ಉಡುಗೆ, ಕೇಶಾಲಂಕಾರ, ಬಣ್ಣಗಳನ್ನು ನಗರದ ಹೆಂಗಸರು ಅನುಕರಿಸುತ್ತಿದ್ದರು. ಸಾನೊಗಾವ ಇಚಿಮಾತ್ಸು ಎಂಬ ನಟನು ಧರಿಸಿದ ಚೌಕುಳಿ ವಿನ್ಯಾಸಕ್ಕೆ ಜಪಾನಿನಲ್ಲಿ ಇಂದಿಗೂ ಅವನ ಹೆಸರೇ ಇದೆ. ಪುರುಷನ ದೇಹವು ಸಂಪೂರ್ಣವಾಗಿ ಮರೆಯಾಗಿ ಆದರ್ಶ ಸ್ತ್ರೀಯೊಬ್ಬಳು ತೋರಬೇಕು ಎಂಬುದು ನಟ, ಪ್ರೇಕ್ಷಕ, ಚಿತ್ರಕಾರ ಮೂವರೂ ಒಪ್ಪಿಕೊಂಡಿದ್ದ ಒಂದು ಅಲಿಖಿತ ಒಪ್ಪಂದ.

ಚಿತ್ರಕಾರರು ಈ ಒಪ್ಪಂದವನ್ನು ಬಹುಕಾಲ ಪಾಲಿಸಿದರು. ರಂಗಮಂದಿರಗಳ ಫಲಕಗಳನ್ನೂ ನಟರ ಚಿತ್ರಗಳನ್ನೂ ವಂಶಪಾರಂಪರ್ಯವಾಗಿ ಬರೆಯುತ್ತಿದ್ದ ತೋರಿ ಮನೆತನದ ಕೃತಿಗಳಲ್ಲಿ ನಟನನ್ನು ಗುರುತಿಸಬೇಕಾದರೆ ಉಡುಪಿನ ಮೇಲಿನ ಲಾಂಛನವನ್ನೋ ಬರೆದ ಹೆಸರನ್ನೋ ನೋಡಬೇಕು. ಮುಖಗಳೆಲ್ಲ ಒಂದೇ ಬಗೆಯವು. 1760ರ ದಶಕದಲ್ಲಿ ಕತ್ಸುಕಾವ ಶುನ್‌ಶೋ ಮತ್ತು ಇಪ್ಪಿತ್ಸುಸಾಯ್ ಬುನ್‌ಚೋ ಇವರು ಈ ಪದ್ಧತಿಯನ್ನು ಬದಲಿಸಿದರು. 1770ರಲ್ಲಿ ಇವರಿಬ್ಬರೂ ಸೇರಿ ಪ್ರಕಟಿಸಿದ, ಬೀಸಣಿಗೆಯಾಕಾರದ ಚೌಕಟ್ಟಿನಲ್ಲಿ ನಟರ ಮುಖಗಳನ್ನು ತೋರಿಸುವ ಪುಸ್ತಕದಿಂದ ಹೋಲಿಕೆಯ ಚಿತ್ರಣವು ನೆಲೆಗೊಂಡಿತು. ಆದರೂ ಪುರುಷಪಾತ್ರಗಳಿಗೆ ದೊರೆತಷ್ಟು ಮುಖದ ವೈಶಿಷ್ಟ್ಯ ಸ್ತ್ರೀಪಾತ್ರಗಳಿಗೆ ದೊರೆಯಲಿಲ್ಲ. ಒನ್ನಗತರ ಮುಖಗಳು ಒಂದು ಬಗೆಯ ಸಾಮಾನ್ಯ ಚೆಲುವಿನಲ್ಲಿ ಕರಗಿಯೇ ಇದ್ದವು. ಶರಾಕು ಬಂದದ್ದು ಈ ಹಂತದಲ್ಲಿ.

ಅವನನ್ನು ಬೆಳಕಿಗೆ ತಂದವನು ತ್ಸುತಯ ಜೂಜಬುರೊ ಎಂಬ ಪ್ರಕಾಶಕ. 1750ರಲ್ಲಿ ಎದೋದ ವೇಶ್ಯಾವಾಟಿಕೆಯಾದ ಯೋಶಿವಾರದಲ್ಲಿ ಹುಟ್ಟಿ, ಅದರ ದ್ವಾರದ ಬಳಿಯೇ ಪುಸ್ತಕದ ಅಂಗಡಿಯಿಟ್ಟು, 1783ರಲ್ಲಿ ನಗರದ ಪ್ರಕಾಶಕರ ಬೀದಿಗೆ ಬಂದು ನೆಲೆಸಿದ ಈತ ಆ ಕಾಲದ ಅತ್ಯಂತ ಸಾಹಸಿ ವ್ಯಾಪಾರಿ. ಉತಾಮರೋವಿನ ಪ್ರತಿಭೆಯನ್ನು ಗುರುತಿಸಿ ಬೆಳೆಸಿದವನೂ ಇವನೇ. ಮತ್ಸುದಾಯ್ರಾ ಸದನೊಬುವಿನ ಸುಧಾರಣೆಗಳ ಕಾಲದಲ್ಲಿ, 1791ರಲ್ಲಿ, ಸಾಂತೋ ಕ್ಯೋದೆನ್ ಎಂಬ ಲೇಖಕನ ಕೃತಿಗಳನ್ನು ಪ್ರಕಟಿಸಿದ ಅಪರಾಧಕ್ಕಾಗಿ ತ್ಸುತಯನ ಆಸ್ತಿಯಲ್ಲಿ ಅರ್ಧದಷ್ಟನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಲೇಖಕನು ಐವತ್ತು ದಿನ ಕೈಕೋಳದಲ್ಲಿ ಕಳೆಯಬೇಕಾಯಿತು. ಪೆಟ್ಟು ತಿಂದ ಪ್ರಕಾಶಕನು ಉತಾಮರೋವಿನ ಸುಂದರಿಯರ ಎದೆಮಟ್ಟದ ಚಿತ್ರಗಳಿಂದ ಚೇತರಿಸಿಕೊಳ್ಳುತ್ತಿದ್ದ. ಇತ್ತ ರಂಗಭೂಮಿಯೂ ಕಷ್ಟದಲ್ಲಿತ್ತು. 1793ರ ಕೊನೆಯ ಹೊತ್ತಿಗೆ ಎದೋದ ಮೂರು ಅಧಿಕೃತ ರಂಗಮಂದಿರಗಳಾದ ನಾಕಾಮುರಾ, ಇಚಿಮುರಾ, ಮೊರಿತಾ ಇವು ಸಾಲದ ಹೊರೆಯಿಂದ ಬಾಗಿಲು ಮುಚ್ಚಿದ್ದವು. ಅವುಗಳ ಬದಲಿಗೆ ಮಿಯಾಕೋ, ಕಿರಿ, ಕವಾರಜಾಕಿ ಎಂಬ ಮೂರು ಪರ್ಯಾಯ ಮಂದಿರಗಳು ನಾಟಕವಾಡುತ್ತಿದ್ದವು. ಪ್ರೇಕ್ಷಕರನ್ನು ಮರಳಿ ಸೆಳೆಯುವ ಅಗತ್ಯ ಮಂದಿರಗಳಿಗಿತ್ತು. ಹೊಸದೊಂದನ್ನು ಮಾರುವ ಅಗತ್ಯ ತ್ಸುತಯನಿಗಿತ್ತು.

ಹೀಗಿರುವಾಗ 1794ರ ಐದನೆಯ ಮಾಸದಲ್ಲಿ, ಈ ಮೂರೂ ಮಂದಿರಗಳಲ್ಲಿ ನಡೆಯುತ್ತಿದ್ದ ನಾಟಕಗಳನ್ನು ಕುರಿತು, ಅದುವರೆಗೆ ಯಾರೂ ಕೇಳಿರದ ಹೆಸರಿನ ಚಿತ್ರಕಾರನೊಬ್ಬನ 28 ಚಿತ್ರಗಳು ತ್ಸುತಯನ ಅಂಗಡಿಯಿಂದ ಹೊರಬಂದವು. ಎಲ್ಲವೂ ಸುಮಾರು 39 ಸೆಂಟಿಮೀಟರ್ ಎತ್ತರ, 26 ಸೆಂಟಿಮೀಟರ್ ಅಗಲದ ದೊಡ್ಡ ಹಾಳೆಗಳು. ಎಲ್ಲವೂ ಎದೆಮಟ್ಟದ ಚಿತ್ರಗಳು. ಹಿನ್ನೆಲೆಗೆ ಕಪ್ಪುಛಾಯೆಯ ಕಾಗೆಬಂಗಾರದ ಪುಡಿಯನ್ನು ಅಂಟಿನ ಮೇಲೆ ಹಿಡಿಸಲಾಗಿತ್ತು. ಹಾಳೆಯನ್ನು ಓರೆಮಾಡಿ ನೋಡಿದರೆ ಹಿನ್ನೆಲೆ ಮಂದವಾಗಿ ಮಿನುಗುತ್ತದೆ. ಅದರ ಮುಂದೆ ಬಣ್ಣ ಬಳಿದ ಮುಖವು ದೀಪದ ಬೆಳಕಿಗೆ ಬಂದಂತೆ ಎದ್ದು ನಿಲ್ಲುತ್ತದೆ. ಹೆಸರಿಲ್ಲದ ಹೊಸಬನೊಬ್ಬನಿಗೆ ಇಂತಹ ದುಬಾರಿ ಮುದ್ರಣವನ್ನು, ಅದೂ ಒಂದೇ ಬಾರಿಗೆ ಇಷ್ಟೊಂದು ಸಂಖ್ಯೆಯಲ್ಲಿ ಮಾಡಿಸುವುದು ಸಾಮಾನ್ಯ ವ್ಯಾಪಾರದ ಲೆಕ್ಕಕ್ಕೆ ಹೊಂದುವುದಿಲ್ಲ.

ಮರದಚ್ಚು ಚಿತ್ರವು ಒಬ್ಬನ ಕೃತಿಯಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಚಿತ್ರಕಾರನು ತೆಳುಹಾಳೆಯ ಮೇಲೆ ಬರೆದ ರೇಖಾಚಿತ್ರವನ್ನು ಕೆತ್ತನೆಗಾರನು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ರೇಖೆಗಳನ್ನು ಉಳಿಸಿ ಮಿಕ್ಕುದನ್ನು ಕೆತ್ತಿ ತೆಗೆಯುತ್ತಾನೆ. ಮೂಲಚಿತ್ರವು ಈ ಕ್ರಿಯೆಯಲ್ಲಿಯೇ ನಾಶವಾಗುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಹಲಗೆ. ಮುದ್ರಕನು ಬಣ್ಣ ಹಚ್ಚಿ, ಹಾಳೆಯನ್ನಿಟ್ಟು, ಬೆನ್ನುಭಾಗವನ್ನು ಉಜ್ಜಿ ಅಚ್ಚು ತೆಗೆಯುತ್ತಾನೆ. ಆದುದರಿಂದ ಶರಾಕುವಿನ ಕೈಬರಹವೆಂದು ನಾವು ನೋಡುವುದು ಕೆತ್ತನೆಗಾರನ ಉಳಿಯ ಮೂಲಕ ಹಾದುಬಂದ ರೇಖೆಯನ್ನು. ಹಾಗಿದ್ದೂ ಆ ರೇಖೆಯಲ್ಲಿ ಒಂದೇ ಮನಸ್ಸಿನ ಪಟ್ಟು ಎದ್ದು ಕಾಣುವುದು ಆಶ್ಚರ್ಯಕರ.

ಮೊದಲ ಕಂತಿನಲ್ಲಿ ಪುರುಷಪಾತ್ರಗಳೇ ಹೆಚ್ಚು ಪ್ರಸಿದ್ಧ. ಎರಡೂ ಕೈಗಳ ಬೆರಳುಗಳನ್ನು ಹರವಿ ಮುನ್ನುಗ್ಗುವ ಎದೋಬೆಯ ಪಾತ್ರದಲ್ಲಿರುವ ಮೂರನೆಯ ಒತಾನಿ ಓನಿಜಿಯ ಚಿತ್ರ ಜಗತ್ತಿನಾದ್ಯಂತ ಅಚ್ಚಾಗಿದೆ. ಕೆಡುಕನ ಪಾತ್ರದಲ್ಲಿ ವಿಕಾರವನ್ನು ಹಿಗ್ಗಿಸಿ ತೋರಿಸಿದರೆ ಯಾರೂ ಬೇಸರಪಡುವುದಿಲ್ಲ. ನಟನಿಗೂ ಅದು ಹೆಮ್ಮೆಯೇ. ಕಷ್ಟವಿದ್ದುದು ಸ್ತ್ರೀಪಾತ್ರಗಳಲ್ಲಿ. ಮಿಯಾಕೋ ಮಂದಿರದಲ್ಲಿ ನಡೆಯುತ್ತಿದ್ದ ಸೇಡಿನ ನಾಟಕದಲ್ಲಿ ತಾನಾಬೆ ಬುನ್‌ಜೋ ಎಂಬವನ ಕಾಯಿಲೆಯ ಹೆಂಡತಿ ಒಶಿಜುವಿನ ಪಾತ್ರವನ್ನು ಮೂರನೆಯ ಸೆಗಾವ ಕಿಕುನೊಜೋ ವಹಿಸಿದ್ದ. 1751ರಲ್ಲಿ ಹುಟ್ಟಿದ ಈತ ಆಗ ಎದೋದ ಒನ್ನಗತರಲ್ಲಿ ಅಗ್ರಗಣ್ಯ; ಅವನ ಚಿತ್ರವನ್ನು ಕೊಳ್ಳುವವರು ಬಯಸುತ್ತಿದ್ದುದು ಸಡಿಲಗೊಂಡ ಕೂದಲಿನ ಕರುಣಾಜನಕ ಚೆಲುವೆಯನ್ನು. ಶರಾಕು ಹಣೆಗೆ ಕಟ್ಟಿದ ಪಟ್ಟಿಯನ್ನೂ ಕೆದರಿದ ಕೂದಲನ್ನೂ ಕೊಟ್ಟ. ಅವುಗಳ ಕೆಳಗೆ ನಲವತ್ತು ದಾಟಿದ ಗಂಡಸಿನ ತುಂಬಿದ ಗಲ್ಲವನ್ನೂ ಕಿರಿದಾದ ಕಣ್ಣುಗಳನ್ನೂ ಇದ್ದ ಹಾಗೆಯೇ ಇಟ್ಟ. ಚಿತ್ರದಲ್ಲಿ ಅಪಹಾಸ್ಯವಿಲ್ಲ. ಒಶಿಜುವಿನ ದಣಿವು ಅಲ್ಲಿದೆ, ಕಿಕುನೊಜೋವಿನ ವಯಸ್ಸೂ ಅಲ್ಲಿದೆ. ನೋಡುವವರು ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವಂತಿಲ್ಲ.

ಅದೇ ನಾಟಕದ ಎರಡನೆಯ ಸೆಗಾವ ತೋಮಿಸಬುರೊವಿನ ಚಿತ್ರಗಳು ಇನ್ನಷ್ಟು ನಿಷ್ಠುರವಾಗಿವೆ. ಪ್ರೇಕ್ಷಕರು ಈ ನಟನನ್ನು ದ್ವೇಷ ಹುಟ್ಟಿಸುವ ತೋಮಿ ಎಂಬರ್ಥದ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಓಗಿಶಿ ಕುರಾಂದೋ ಎಂಬ ಸಮುರಾಯಿಯ ಹೆಂಡತಿ ಯಾದೊರಿಗಿಯ ಪಾತ್ರದಲ್ಲಿರುವ ಅವನನ್ನು ಶರಾಕು ಒಮ್ಮೆ ಒಂಟಿಯಾಗಿ, ಇನ್ನೊಮ್ಮೆ ದಾಸಿಯ ಪಾತ್ರದ ನಾಕಾಮುರಾ ಮನ್‌ಸೇಯ ಜೊತೆಯಲ್ಲಿ ಬರೆದ. ಜೋಡಿಚಿತ್ರದಲ್ಲಿ ಒಬ್ಬನದು ಉದ್ದನೆಯ, ಚೂಪಾದ, ಬಿಗಿದ ಮುಖ; ಇನ್ನೊಬ್ಬನದು ದುಂಡಗಿನ, ಊದಿದ, ಸಾಧು ಮುಖ. ಒಡತಿ ಮತ್ತು ದಾಸಿಯ ಅಂತರವನ್ನು ಉಡುಪಿಗಿಂತ ಮುಖಗಳೇ ಹೇಳುತ್ತವೆ. ಇಷ್ಟಾಗಿಯೂ ಇಬ್ಬರೂ ಗಂಡಸರೆಂಬುದನ್ನು ಚಿತ್ರ ಒಂದು ಕ್ಷಣವೂ ಮರೆಯಲು ಬಿಡುವುದಿಲ್ಲ. ಗಿಯೋನ್ ಪ್ರದೇಶದ ವೇಶ್ಯೆ ಒನಾಯೋವಿನ ಪಾತ್ರದಲ್ಲಿರುವ ಮೂರನೆಯ ಸಾನೊಗಾವ ಇಚಿಮಾತ್ಸುವಿನ ಚಿತ್ರದ ದವಡೆಯನ್ನೂ ಮೂಗನ್ನೂ ನೋಡಿದರೆ, ಇದನ್ನು ಹಣ ಕೊಟ್ಟು ಕೊಂಡ ಅಭಿಮಾನಿ ಯಾರಿರಬಹುದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಶರಾಕು ಒನ್ನಗತರೆಲ್ಲರನ್ನೂ ಒಂದೇ ಅಳತೆಯಿಂದ ಕಂಡನೆಂದು ಇದರಿಂದ ಭಾವಿಸಬಾರದು. ಕವಾರಜಾಕಿ ಮಂದಿರದ ನಾಟಕದಲ್ಲಿ ಶಿಗೆನೊಯ್ ಎಂಬ ದಾದಿಯ ಪಾತ್ರ ಮಾಡಿದ ನಾಲ್ಕನೆಯ ಇವಾಯ್ ಹಾನ್‌ಶಿರೋ ದುಂಡುಮುಖದವನೆಂದು ಜನಪ್ರಿಯನಾಗಿದ್ದ. ಅವನ ಅಡ್ಡಹೆಸರೂ ಆ ಉಬ್ಬುಗೆನ್ನೆಯನ್ನೇ ಕುರಿತದ್ದು. ಅಂತಹ ಮುಖವನ್ನು ಶರಾಕು ಬಹಳ ಮೃದುವಾಗಿ ನಡೆಸಿಕೊಂಡಿದ್ದಾನೆ. ಕಿರಿ ಮಂದಿರದ ನಾಟಕದಲ್ಲಿ ತಂದೆಯ ಕೊಲೆಗೆ ಸೇಡು ತೀರಿಸಿಕೊಳ್ಳುವ ಇಬ್ಬರು ಸೋದರಿಯರಿದ್ದಾರೆ. ಅಕ್ಕ ಮಿಯಾಗಿನೊವಿನ ಪಾತ್ರದಲ್ಲಿದ್ದವನು ನಾಕಾಯಾಮಾ ತೋಮಿಸಬುರೊ; ಬಳುಕುವ ಮೈಯ ತೋಮಿ ಎಂದು ಇವನಿಗೂ ಒಂದು ಅಡ್ಡಹೆಸರಿತ್ತು. ಸಣ್ಣ ಕಣ್ಣು, ಅದಕ್ಕಿಂತ ಸಣ್ಣ ಬಾಯಿ, ಇವೆರಡನ್ನೂ ಹಿಡಿದಿಡಲಾರದಷ್ಟು ಅಗಲವಾದ ಮುಖ. ಇಷ್ಟರಲ್ಲಿಯೇ ಶರಾಕು ಒಂದು ಬಗೆಯ ನಾಚಿಕೆಯನ್ನು ಮೂಡಿಸಿದ್ದಾನೆ. ತಂಗಿ ಶಿನೊಬುವಿನ ಪಾತ್ರದಲ್ಲಿ, ವೇಶ್ಯೆಯೊಬ್ಬಳ ಹೆಸರಿನಲ್ಲಿ ಅವಿತು, ಕೈಯಲ್ಲಿ ಹೊಗೆಬತ್ತಿಯ ಕೊಳವೆ ಹಿಡಿದು ಕಾಣಿಸಿಕೊಳ್ಳುವವನು ತರುಣ ನಟ ಮತ್ಸುಮೊತೊ ಯೋನೆಸಬುರೊ. ಶರಾಕುವಿನ ಒನ್ನಗತರಲ್ಲಿ ಅತ್ಯಂತ ಎಳೆಯ ಮುಖ ಇವನದು. ಯೌವನವಿದ್ದಲ್ಲಿ ಯೌವನವನ್ನು, ಮುಪ್ಪಿನ ಸುಳಿವಿದ್ದಲ್ಲಿ ಅದನ್ನು ಬರೆದನೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ. ಯೋನೆಸಬುರೊವಿನ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ಈ ಜೀವನಕಥೆಯಲ್ಲಿ ಅವನು ಮತ್ತೊಮ್ಮೆ ಬರುತ್ತಾನೆ.

ಶರಾಕುವಿನ ಪ್ರತಿಸ್ಪರ್ಧಿ ಅದೇ ಪೇಟೆಯಲ್ಲಿದ್ದ. 1769ರಲ್ಲಿ ಹುಟ್ಟಿದ ಉತಾಗಾವ ತೊಯೊಕುನಿ 1794ರ ಆರಂಭದಲ್ಲಿಯೇ ಇಜುಮಿಯ ಇಚಿಬೇ ಎಂಬ ಪ್ರಕಾಶಕನ ಮೂಲಕ ರಂಗದ ಮೇಲಿನ ನಟರ ಪೂರ್ಣಾಕೃತಿಯ ಚಿತ್ರಮಾಲಿಕೆಯನ್ನು ಆರಂಭಿಸಿದ್ದ. ಅವನ ನಟರು ಗುರುತಿಗೆ ಸಿಗುತ್ತಾರೆ, ಆದರೆ ಅಭಿಮಾನಿಯು ಮನಸ್ಸಿನಲ್ಲಿ ಇಟ್ಟುಕೊಂಡ ರೂಪದಲ್ಲಿ ಸಿಗುತ್ತಾರೆ. ಸ್ತ್ರೀವೇಷಗಳಂತೂ ನೀಳವಾಗಿ, ಇಂಪಾಗಿ ನಿಲ್ಲುತ್ತವೆ. ತೊಯೊಕುನಿಯ ಮಾಲಿಕೆ ಶರಾಕು ಮರೆಯಾದ ಮೇಲೆಯೂ ನಡೆಯಿತು. 1825ರಲ್ಲಿ ಅವನು ಸಾಯುವ ವೇಳೆಗೆ ಉತಾಗಾವ ಶಾಖೆ ಎದೋದಲ್ಲಿ ಪ್ರಬಲವಾಗಿ ಬೇರೂರಿತ್ತು. ಇದನ್ನು ತೊಯೊಕುನಿಯ ಕೀಳುತನವೆಂದು ಬಗೆಯುವ ವಿಮರ್ಶೆ ಒಂದು ಕಾಲದಲ್ಲಿ ರೂಢಿಯಲ್ಲಿತ್ತು. ಅದು ನ್ಯಾಯವಲ್ಲ. ನಟನ ಚಿತ್ರವು ಪ್ರೇಕ್ಷಕನ ಪ್ರೀತಿಗಾಗಿ ಇರುವ ವಸ್ತು, ಆ ಪ್ರೀತಿಯನ್ನು ತೊಯೊಕುನಿ ಗೌರವಿಸಿದ.

ಅದೇ ವರ್ಷದ ಏಳು ಮತ್ತು ಎಂಟನೆಯ ಮಾಸಗಳಲ್ಲಿ ಬಂದ ಎರಡನೆಯ ಕಂತಿನ 38 ಚಿತ್ರಗಳಲ್ಲಿ ಬದಲಾವಣೆ ಸ್ಪಷ್ಟ. ಎದೆಮಟ್ಟದ ಚಿತ್ರಗಳು ಹೋಗಿ ಪೂರ್ಣಾಕೃತಿಗಳು ಬಂದವು. ಎಂಟನ್ನು ಬಿಟ್ಟರೆ ಉಳಿದವು ಕಿರಿದಾದ ಅಗ್ಗದ ಹಾಳೆಗಳು. ನಾಗೋಯಾ ಸಾಂಜಾ ಎಂಬ ನಾಯಕನ ಪಾತ್ರದ ಸಾವಾಮುರಾ ಸೋಜೂರೋವಿನ ಜೊತೆ ವೇಶ್ಯೆ ಕತ್ಸುರಾಗಿಯ ಪಾತ್ರದಲ್ಲಿ ಕಿಕುನೊಜೋ ಮತ್ತೆ ಕಾಣಿಸುತ್ತಾನೆ. ಇಲ್ಲಿ ದೇಹಗಳ ಭಂಗಿ, ಉಡುಪಿನ ಇಳಿಬೀಳುವ ರೇಖೆಗಳು ಗಮನ ಸೆಳೆಯುತ್ತವೆ. ಮುಖದ ತೀಕ್ಷ್ಣತೆ ತಗ್ಗಿದೆ. ಹನ್ನೊಂದನೆಯ ಮಾಸದಲ್ಲಿ, ಮತ್ತು ಆ ವರ್ಷ ಬಂದ ಅಧಿಕಮಾಸದಲ್ಲಿ, ಹೊಸ ರಂಗವರ್ಷದ ಆರಂಭದ ಪ್ರದರ್ಶನಗಳಿಗಾಗಿ 60ಕ್ಕೂ ಹೆಚ್ಚು ಚಿತ್ರಗಳು ಹೊರಬಿದ್ದವು. ಹಿಂದಿನ ಖಾಲಿ ಹಿನ್ನೆಲೆಯ ಬದಲು ಮರ, ಗೋಡೆ, ಬಾಗಿಲುಗಳು ಬಂದಿವೆ. ಅವಸರ ಎದ್ದು ತೋರುತ್ತದೆ. ಸಹಿಯೂ ತೋಷೂಸಾಯ್ ಶರಾಕು ಎಂಬುದರಿಂದ ಬರಿಯ ಶರಾಕು ಎಂದು ಮೊಟಕಾಗುತ್ತದೆ. ಈ ಕಂತಿನಲ್ಲಿ ಒಂದು ಚಿತ್ರ ಮಾತ್ರ ಸ್ತ್ರೀವೇಷದ ದೃಷ್ಟಿಯಿಂದ ಕುತೂಹಲಕಾರಿ. ಅದರಲ್ಲಿ ಕಿಕುನೊಜೋ ಒಬ್ಬ ನರ್ತಕಿಯ ಪಾತ್ರದಲ್ಲಿದ್ದಾನೆ. ಆ ನರ್ತಕಿಯು ಹೊಸವರ್ಷದ ಹಾರೈಕೆ ಹಾಡುತ್ತ ಮನೆಮನೆಗೆ ಬರುವ ಯಾಮಾತೋ ಕಲಾವಿದನ ವೇಷದಲ್ಲಿದ್ದಾಳೆ. ಗಂಡಸು ಹೆಣ್ಣಾಗಿ, ಆ ಹೆಣ್ಣು ಮತ್ತೊಂದು ವೇಷ ತೊಟ್ಟ ಈ ಮಡಿಕೆಗಳು ಮೊದಲ ಕಂತಿನ ಶರಾಕುವಿನ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ. ಇಲ್ಲಿ ಅದು ಒಂದು ಸುಂದರ ವೇಷಭೂಷಣದ ಚಿತ್ರವಾಗಿ ನಿಂತಿದೆ. 1795ರ ಮೊದಲ ಮಾಸದ ಕೆಲವೇ ಚಿತ್ರಗಳೊಂದಿಗೆ ಎಲ್ಲವೂ ಮುಗಿಯಿತು. ಸೂಮೋ ಮಲ್ಲರ ಚಿತ್ರಗಳನ್ನೂ, ದಾಯ್‌ದೋಜಾನ್ ಎಂಬ ದೈತ್ಯಬಾಲಕನ ಚಿತ್ರಗಳನ್ನೂ ಈ ಕೊನೆಯ ದಿನಗಳಲ್ಲಿ ಅವನಿಂದ ಬರೆಯಿಸಲಾಯಿತೆಂಬುದು ಪ್ರಕಾಶಕನ ತವಕವನ್ನು ತಿಳಿಸುತ್ತದೆ. ತ್ಸುತಯನೂ 1797ರಲ್ಲಿ ತೀರಿಕೊಂಡ.

ಶರಾಕು ಏಕೆ ನಿಂತನೆಂಬುದಕ್ಕೆ ಸಮಕಾಲೀನರ ಒಂದು ಸಾಕ್ಷ್ಯವಿದೆ. ಕವಿಯೂ ವಿದ್ವಾಂಸನೂ ಆದ ಓತಾ ನಾನ್ಪೋ ಉಕಿಯೋ-ಎ ಕಲಾವಿದರನ್ನು ಕುರಿತು ಬರೆದಿಟ್ಟ ಟಿಪ್ಪಣಿಗಳಲ್ಲಿ ಶರಾಕುವಿನ ಬಗ್ಗೆ ಕೆಲವೇ ಮಾತುಗಳಿವೆ: ಅವನು ನಟರ ಹೋಲಿಕೆಗಳನ್ನು ಬರೆದನೆಂದೂ, ನಿಜವನ್ನು ಅತಿಯಾಗಿ ತೋರಿಸಹೋಗಿ ಬರೆಯಬಾರದ ರೀತಿಯಲ್ಲಿ ಬರೆದುದರಿಂದ ಬಹುಕಾಲ ನಿಲ್ಲದೆ ಒಂದೆರಡು ವರ್ಷದಲ್ಲಿಯೇ ಕೊನೆಗೊಂಡನೆಂದೂ ಅದರ ತಾತ್ಪರ್ಯ. ಅದೇ ಟಿಪ್ಪಣಿಗೆ ಸೇರ್ಪಡೆಗಳನ್ನು ಬರೆದ ಶಿಕಿತೇ ಸಾಂಬಾ ಎಂಬ ಲೇಖಕನು ಶರಾಕು ಹಾಚೋಬೋರಿ ಎಂಬಲ್ಲಿ ವಾಸವಾಗಿದ್ದನೆಂದೂ, ಅವನ ಪ್ರಸಿದ್ಧಿ ಅರ್ಧವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ ಇತ್ತೆಂದೂ ತಿಳಿಸುತ್ತಾನೆ. ನಾನ್ಪೋವಿನ ಮಾತು ಎಲ್ಲ ಚಿತ್ರಗಳಿಗೂ ಅನ್ವಯಿಸುವಂತಿದ್ದರೂ, ಬರೆಯಬಾರದ ನಿಜವೆಂಬುದು ಮುಖ್ಯವಾಗಿ ಒನ್ನಗತರ ವಿಷಯದಲ್ಲಿಯೇ ಅರ್ಥಪೂರ್ಣವಾಗುತ್ತದೆ. ಖಳನಾಯಕನಲ್ಲಿ ಮುಚ್ಚಿಡಬೇಕಾದ ನಿಜವಾದರೂ ಏನಿದೆ? ಸ್ತ್ರೀವೇಷವಾದರೋ ಮುಚ್ಚಿಡುವುದರ ಮೇಲೆಯೇ ನಿಂತ ಕಲೆ.

ಇನ್ನು ವ್ಯಕ್ತಿಯ ಪ್ರಶ್ನೆ. 1844ರಲ್ಲಿ ಸಾಯ್ತೋ ಗೆಶ್ಶಿನ್ ಎಂಬ ಎದೋ ನಿವಾಸಿ ವಿದ್ವಾಂಸನು ಆ ಹಳೆಯ ಟಿಪ್ಪಣಿಗಳನ್ನು ವಿಸ್ತರಿಸುವಾಗ, ಶರಾಕುವಿನ ಲೌಕಿಕ ಹೆಸರು ಸಾಯ್ತೋ ಜೂರೋಬೇ, ಅವನು ಹಾಚೋಬೋರಿಯ ನಿವಾಸಿ, ಆವಾ ಪ್ರಾಂತದ ಪ್ರಭುವಿನ ಆಶ್ರಯದಲ್ಲಿದ್ದ ನೋ ನಾಟಕದ ನಟ ಎಂದು ದಾಖಲಿಸಿದ. ಐವತ್ತು ವರ್ಷಗಳ ನಂತರ ಬಂದ ಈ ಹೇಳಿಕೆಯನ್ನು ಇಪ್ಪತ್ತನೆಯ ಶತಮಾನದ ಅನೇಕರು ನಂಬಲಿಲ್ಲ. ಇಂತಹ ಪ್ರತಿಭೆ ಅಜ್ಞಾತ ನಟನೊಬ್ಬನದಾಗಿರಲಾರದೆಂಬ ಪೂರ್ವಗ್ರಹದಿಂದ ಹೊಕುಸಾಯ್, ಉತಾಮರೋ, ತೊಯೊಕುನಿ, ಕ್ಯೋದೆನ್, ಕೊನೆಗೆ ತ್ಸುತಯನೇ ಶರಾಕು ಎಂಬ ವಾದಗಳು ಹುಟ್ಟಿದವು. ಕವಿಚರಿತೆಯ ಚರ್ಚೆಗಳಲ್ಲಿ ಪಳಗಿದವರಿಗೆ ಈ ಬಗೆಯ ವಾದಗಳ ಸ್ವರೂಪ ಹೊಸದೇನಲ್ಲ. 1997ರಲ್ಲಿ ಸಾಯ್ತಾಮಾ ಪ್ರಾಂತದ ಕೋಶಿಗಾಯಾದಲ್ಲಿರುವ ಹೋಕೋಜಿ ದೇವಾಲಯದ ಮರಣದಾಖಲೆಯಲ್ಲಿ ಜೂರೋಬೇಯ ಹೆಸರು ಸಿಕ್ಕಿತು. ಆವಾ ಪ್ರಭುವಿನ ನೋ ನಟ, ಹಾಚೋಬೋರಿಯ ನಿವಾಸಿ, 1820ರ ಮೂರನೆಯ ಮಾಸದ ಏಳನೆಯ ದಿನ 58ನೆಯ ವಯಸ್ಸಿನಲ್ಲಿ ಮರಣ, ಸೆಂಜುವಿನಲ್ಲಿ ದಹನ. ಜಪಾನೀ ಎಣಿಕೆಯಂತೆ ಅವನ ಹುಟ್ಟು 1763ಕ್ಕೆ ಬೀಳುತ್ತದೆ. ಚಿತ್ರಗಳು ಹೊರಬಂದಾಗ ವಯಸ್ಸು 32. ಜೂರೋಬೇ ಎಂಬ ನಟನಿದ್ದುದು ಇದರಿಂದ ಖಚಿತವಾಯಿತು. ಅವನೇ ಶರಾಕು ಎಂಬುದನ್ನು ಈಗ ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ.

ಈ ಗುರುತಿಸುವಿಕೆಯನ್ನು ಒಪ್ಪಿದರೆ ಒನ್ನಗತರ ಚಿತ್ರಗಳಿಗೆ ಹೊಸದೊಂದು ಬೆಳಕು ದೊರೆಯುತ್ತದೆಂದು ನನ್ನ ಅಭಿಪ್ರಾಯ. ನೋ ಎಂಬುದು ಯೋಧವರ್ಗದ ಗಂಭೀರ ಕಲೆ; ಕಬುಕಿ ನಗರವಾಸಿಗಳ ಜನಪ್ರಿಯ ಕಲೆ, ಅದರ ನಟರಿಗೆ ಸಮಾಜದಲ್ಲಿ ತೀರ ಕೆಳಗಿನ ಸ್ಥಾನ. ಪ್ರಭುವಿನ ಸಂಬಳದಲ್ಲಿದ್ದ ನೋ ನಟನು ಕಬುಕಿ ನಟರ ಚಿತ್ರ ಬರೆದು ಪೇಟೆಯಲ್ಲಿ ಮಾರುವುದು ಗೌರವದ ಕೆಲಸವಲ್ಲ; ಗುಪ್ತನಾಮದ ಅಗತ್ಯ ಇಲ್ಲಿಯೇ ಇದೆ. ಇದಕ್ಕಿಂತ ಮುಖ್ಯವಾದುದು ಮತ್ತೊಂದು. ನೋ ರಂಗದಲ್ಲಿಯೂ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು, ಆದರೆ ಗಂಡಸುತನವನ್ನು ಮರೆಸಲು ಯಾವ ಯತ್ನವೂ ಅಲ್ಲಿಲ್ಲ. ಪ್ರಧಾನ ನಟನು ಎಳೆಯ ಸ್ತ್ರೀಯ ಮುಖವಾಡವನ್ನು ತೊಡುತ್ತಾನೆ. ಆ ಮುಖವಾಡ ನಟನ ಮುಖಕ್ಕಿಂತ ಚಿಕ್ಕದು. ಅದರ ಅಂಚಿನ ಕೆಳಗೆ ಅವನ ಸ್ವಂತ ದವಡೆಯೂ ಗಲ್ಲವೂ ಕಾಣುತ್ತಲೇ ಇರುತ್ತವೆ. ಧ್ವನಿಯೂ ಗಂಡಸಿನದೇ. ಪ್ರೇಕ್ಷಕನು ಮುಖವಾಡದ ಎಳೆತನವನ್ನೂ ಅದರ ಕೆಳಗಿನ ಮುದಿ ಚರ್ಮವನ್ನೂ ಒಟ್ಟಿಗೆ ನೋಡುತ್ತಾನೆ, ಅದರಿಂದ ಅವನ ರಸಾನುಭವಕ್ಕೆ ಕುಂದು ಬರುವುದಿಲ್ಲ. ಇಂತಹ ರಂಗದಲ್ಲಿ ಬೆಳೆದ ಕಣ್ಣಿಗೆ ಕಿಕುನೊಜೋವಿನ ಗಲ್ಲ ಒಂದು ದೋಷವಾಗಿ ಕಂಡಿರಲಾರದು. ಬಿಳಿಯ ಬಣ್ಣವೇ ಅವನಿಗೆ ಮುಖವಾಡ, ಅದರ ಕೆಳಗೆ ಮನುಷ್ಯ. ಕಬುಕಿಯ ಅಭಿಮಾನಿಗಳಾದರೋ ಬೇರೆ ಒಪ್ಪಂದದಲ್ಲಿ ಬೆಳೆದವರು. ಅವರಿಗೆ ಅದು ದ್ರೋಹವಾಗಿ ಕಂಡಿದ್ದರೆ ತಪ್ಪೇನಿಲ್ಲ. ಈ ಊಹೆಗೆ ಜೂರೋಬೇಯೇ ಸ್ತ್ರೀಪಾತ್ರ ಮಾಡಿರಬೇಕೆಂದೇನೂ ಇಲ್ಲ. ಆ ಪರಂಪರೆಯ ನಡುವೆ ಅವನು ದಿನಗಳನ್ನು ಕಳೆದವನಾದರೆ ಸಾಕು.

ಜಪಾನಿನಲ್ಲಿ ನೂರು ವರ್ಷ ಹೆಚ್ಚುಕಡಿಮೆ ಮರೆತುಹೋಗಿದ್ದ ಶರಾಕುವನ್ನು ಮತ್ತೆ ಪ್ರಸಿದ್ಧಿಗೆ ತಂದುದು ಯೂರೋಪು. ಪ್ಯಾರಿಸ್, ಲಂಡನ್, ಬಾಸ್ಟನ್, ಚಿಕಾಗೋಗಳ ಸಂಗ್ರಾಹಕರು ಈ ಹಾಳೆಗಳನ್ನು ಕೊಂಡರು. 1910ರಲ್ಲಿ ಜರ್ಮನ್ ವಿದ್ವಾಂಸ ಯೂಲಿಯುಸ್ ಕುರ್ತ್ ಮ್ಯೂನಿಕ್‌ನಲ್ಲಿ ಪ್ರಕಟಿಸಿದ ಪುಸ್ತಕ ಅವನನ್ನು ಕುರಿತ ಮೊದಲ ಗ್ರಂಥ. ಕುರ್ತ್ ಶರಾಕುವನ್ನು ರೆಂಬ್ರಾಂಟ್, ವೆಲಾಸ್ಕೆಸ್ ಇವರಿಗೆ ಸಮನೆಂದನೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ಅಂತಹ ಮಾತು ಅವನ ಗ್ರಂಥದಲ್ಲಿ ದೊರೆಯುವುದಿಲ್ಲವೆಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಯೂರೋಪಿನವರು ಈ ಚಿತ್ರಗಳಲ್ಲಿ ಅಣಕವನ್ನು ಕಂಡರು. ಪುರುಷಪಾತ್ರಗಳ ಮಟ್ಟಿಗೆ ಅದನ್ನು ವಾದಿಸಬಹುದು. ಒಶಿಜುವಿನ ಚಿತ್ರದ ಮುಂದೆ ಆ ಪದ ನಿಲ್ಲುವುದಿಲ್ಲ. 2011ರಲ್ಲಿ, ಭೂಕಂಪದ ಕಾರಣದಿಂದ ತುಸು ತಡವಾಗಿ, ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಶರಾಕುವಿನ ಬಹುತೇಕ ಎಲ್ಲ ಚಿತ್ರಗಳನ್ನು ಒಂದೆಡೆ ತಂದು ಪ್ರದರ್ಶಿಸಿತು.

ಅದಕ್ಕೆ ಮೂರು ವರ್ಷ ಮೊದಲು, 2008ರಲ್ಲಿ, ಗ್ರೀಸಿನ ಕೋರ್ಫು ದ್ವೀಪದ ಏಷ್ಯನ್ ಕಲಾ ಸಂಗ್ರಹಾಲಯದಲ್ಲಿ ಜಪಾನಿನ ವಿದ್ವಾಂಸರ ತಂಡವೊಂದು ಶರಾಕುವಿನ ಸಹಿಯಿರುವ ಬೀಸಣಿಗೆಯ ಚಿತ್ರವೊಂದನ್ನು ಗುರುತಿಸಿತು. ರಾಯಭಾರಿಯಾಗಿದ್ದ ಗ್ರಿಗೋರಿಯೋಸ್ ಮಾನೋಸ್ ಎಂಬ ಗ್ರೀಕ್ ಸಂಗ್ರಾಹಕನು ಕೂಡಿಹಾಕಿದ್ದ ಸಾವಿರಾರು ವಸ್ತುಗಳ ನಡುವೆ ಅದು ಇತ್ತು. ಮುದ್ರಿತ ಹಾಳೆಯಲ್ಲ, ಕುಂಚದಿಂದಲೇ ಬರೆದುದು. ಕೆತ್ತನೆಗಾರನ ಉಳಿ ನಡುವೆ ಬಂದಿಲ್ಲ. ವಸ್ತು, ನಲವತ್ತೇಳು ನಿಷ್ಠ ಯೋಧರ ಕಥೆಯ ಪ್ರಸಿದ್ಧ ನಾಟಕ. 1795ರ ಐದನೆಯ ಮಾಸದಲ್ಲಿ ಕವಾರಜಾಕಿ ಮಂದಿರದಲ್ಲಿ ನಡೆದ ಅದರ ಪ್ರದರ್ಶನವನ್ನು ಚಿತ್ರವು ತೋರಿಸುತ್ತದೆಂದು ವಿದ್ವಾಂಸರು ನಿರ್ಧರಿಸಿದ್ದಾರೆ. ಅಂದರೆ ಕೊನೆಯ ಮುದ್ರಿತ ಚಿತ್ರಗಳು ಬಂದು ನಾಲ್ಕು ತಿಂಗಳಾದ ಮೇಲೆ, ತ್ಸುತಯನ ಅಂಗಡಿಯ ಗೊಡವೆಯಿಲ್ಲದೆ, ಶರಾಕು ಇನ್ನೂ ನಾಟಕಕ್ಕೆ ಹೋಗುತ್ತಿದ್ದ, ಯಾರಿಗೋ ಒಂದು ಬೀಸಣಿಗೆ ಬರೆದುಕೊಟ್ಟಿದ್ದ. ಅದರಲ್ಲಿ ಇಬ್ಬರು ನಟರಿದ್ದಾರೆ: ಕಾಕೊಗಾವ ಹೋನ್‌ಜೋ ಎಂಬ ತಂದೆಯ ಪಾತ್ರದಲ್ಲಿ ನಾಲ್ಕನೆಯ ಮತ್ಸುಮೊತೊ ಕೋಶಿರೋ, ಮಗಳು ಕೊನಾಮಿಯ ಪಾತ್ರದಲ್ಲಿ, ವರ್ಷದ ಹಿಂದೆ ಶಿನೊಬುವಾಗಿದ್ದ ಯೋನೆಸಬುರೊ.